ಸೋತ ತಂಡವನ್ನು ಮತ್ತೆ ಕಟ್ಟುವುದು: ಕಾಲೇಜು ವಿದ್ಯಾರ್ಥಿನಿಯರ ಬ್ಯಾಸ್ಕೆಟ್‌ಬಾಲ್ ಮತ್ತು ನಾಯಕತ್ವ

(ಹೊಸಪೇಟೆಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ವಿದ್ಯಾಭ್ಯಾಸ, ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆ ಇವುಗಳ ಬಗ್ಗೆ ಈ ವೇದಿಕೆಯಿಂದ ಪ್ರತಿ ವರ್ಷ ಒಳ್ಳೆಯ ಮಾತುಗಳು ಬರುತ್ತವೆ. ಈ ಸಲ ನಾನು ಮಾತನಾಡಲಿರುವ ವಿಷಯ ಸ್ವಲ್ಪ ಬೇರೆ. ಕಾಲೇಜುಗಳಲ್ಲಿ ನಮ್ಮ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಗಳು ಏಕೆ ಸೋಲುತ್ತವೆ, ಸೋತು ಸೋತು ಏಕೆ ಮುಚ್ಚಿಹೋಗುತ್ತವೆ, ಅವುಗಳನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದು ಯಾರ ಕೆಲಸ ಎಂಬುದು ಆ ವಿಷಯ. "ಆಟದ ಬಗ್ಗೆ ಇಷ್ಟೊಂದು ಮಾತು ಬೇಕೆ?" ಎಂದು ಹಿರಿಯರಲ್ಲಿ ಕೆಲವರಿಗೆ ಅನ್ನಿಸಬಹುದು. ದಯವಿಟ್ಟು ಕೊನೆಯವರೆಗೆ ಕೇಳಿ, ಆಮೇಲೆ ತೀರ್ಮಾನಿಸಿ ಎಂದು ವಿನಂತಿಸುತ್ತೇನೆ. ಸೋತ ತಂಡವನ್ನು ಎಬ್ಬಿಸಲು ಬೇಕಾಗುವ ಗುಣಗಳು ಯಾವುವೋ, ಸೊರಗಿದ ಶಾಲೆಯನ್ನು, ಸಂಘವನ್ನು, ಮನೆಯನ್ನು ಎಬ್ಬಿಸಲು ಬೇಕಾಗುವ ಗುಣಗಳೂ ಅವೇ.

ಈ ನೆಲಕ್ಕೆ ಹೊಸದೇನಲ್ಲ

ಮೊದಲಿಗೆ ಒಂದು ಮಾತು. ಹೆಣ್ಣುಮಕ್ಕಳು ಅಂಗಳಕ್ಕಿಳಿಯುವುದು ಪಟ್ಟಣದಿಂದ ಬಂದ ಹೊಸ ಗಾಳಿ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹೊಸಪೇಟೆಯಿಂದ ಹಂಪಿ ಹದಿಮೂರು ಕಿಲೋಮೀಟರ್ ದೂರದಲ್ಲಿದೆ. 1535-37ರ ಸುಮಾರಿನಲ್ಲಿ, ಅಚ್ಯುತರಾಯನ ಕಾಲದಲ್ಲಿ, ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ತನ್ನ ಬರಹದಲ್ಲಿ ಅರಮನೆಯ ಮಹಿಳೆಯರ ಕೆಲಸಗಳನ್ನು ಪಟ್ಟಿ ಮಾಡಿದ್ದಾನೆ. ಲೆಕ್ಕಪತ್ರ ಬರೆಯುವ ಮಹಿಳೆಯರು, ಜ್ಯೋತಿಷ್ಯ ಹೇಳುವ ಮಹಿಳೆಯರು ಇದ್ದರೆಂದೂ, ಕುಸ್ತಿ ಆಡುವ ಮಹಿಳೆಯರೂ ಇದ್ದರೆಂದೂ ಅದರಲ್ಲಿ ದಾಖಲಾಗಿದೆ. ಸುಮಾರು ಐನೂರು ವರ್ಷಗಳ ಹಿಂದಿನ ಮಾತಿದು.

ಇಂದಿನ ಮಾತಿಗೆ ಬಂದರೆ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ದೊಡ್ಡ ಕ್ರೀಡಾ ತರಬೇತಿ ಕೇಂದ್ರ ಆರಂಭವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಕಲಿಯಲು ದೂರದ ರಾಜ್ಯಗಳಿಂದ ಹುಡುಗಿಯರು ತಂದೆ ತಾಯಿಯನ್ನು ಬಿಟ್ಟು ಅಲ್ಲಿಗೆ ಬಂದಿದ್ದಾರೆ. ಅಷ್ಟು ದೂರದವರು ನಮ್ಮ ಮಣ್ಣನ್ನು ನಂಬಿ ಬರುವಾಗ, ಇಲ್ಲೇ ಪಕ್ಕದಲ್ಲಿರುವ ಹುಡುಗಿ ತನ್ನ ಕಾಲೇಜಿನ ಅಂಗಳಕ್ಕೆ ಬರಲು ಏಕೆ ಹಿಂಜರಿಯುತ್ತಾಳೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಸೋಲುವ ತಂಡ ಹೇಗಿರುತ್ತದೆ?

ಆಟದ ಅಂಗಳದಲ್ಲಿಯೇ ಬಹುಪಾಲು ಆಯಸ್ಸು ಕಳೆದವಳು ನಾನು. ಸೋಲುವ ತಂಡವನ್ನು ಗುರುತಿಸಲು ಅಂಕಪಟ್ಟಿ ನೋಡಬೇಕಾಗಿಲ್ಲ. ಅಭ್ಯಾಸದ ಹೊತ್ತಿಗೆ ಅರ್ಧ ಗಂಟೆ ಹೋಗಿ ನಿಂತರೆ ಸಾಕು, ತಿಳಿಯುತ್ತದೆ.

ಟೂರ್ನಮೆಂಟಿಗೆ ಹತ್ತು ದಿನ ಇರುವಾಗ ನೋಟಿಸ್ ಬೋರ್ಡಿನಲ್ಲಿ ಹೆಸರು ಕೇಳುತ್ತಾರೆ. ಥ್ರೋಬಾಲ್ ಆಡುವ ಮೂವರು, ಖೋಖೋ ಆಡುವ ಇಬ್ಬರು, ಎತ್ತರವಾಗಿದ್ದಾಳೆ ಎಂಬ ಒಂದೇ ಕಾರಣಕ್ಕೆ ಕರೆತಂದ ಇನ್ನೊಬ್ಬಳು, ಹೀಗೆ ತಂಡ ಸಿದ್ಧವಾಗುತ್ತದೆ. ಚೆನ್ನಾಗಿ ಆಡುವ ಹುಡುಗಿ ಅಭ್ಯಾಸಕ್ಕೆ ಬಾರದಿದ್ದರೂ ಆಡಿಸುತ್ತಾರೆ. ಹೊಸಬಳು ತಪ್ಪದೆ ಬಂದರೂ ಬೆಂಚಿನ ಮೇಲೆ ಕೂರಬೇಕು. ಮಹಿಳೆಯರ ಆಟಕ್ಕೆ 6ನೇ ಸೈಜಿನ ಚೆಂಡು ಎಂದು ನಿಯಮವಿದ್ದರೂ, ಹುಡುಗರು ಆಡಿ ಸವೆಸಿದ 7ನೇ ಸೈಜಿನ ದೊಡ್ಡ ಚೆಂಡನ್ನೇ ಹುಡುಗಿಯರ ಕೈಗೆ ಕೊಡುವುದನ್ನು ಹಲವು ಕಡೆ ಕಂಡಿದ್ದೇನೆ. ಬಸ್ಸಿನಲ್ಲಿ ಉರ್ದು ಮಾತನಾಡುವವರು ಒಂದು ಕಡೆ, ಕನ್ನಡದವರು ಒಂದು ಕಡೆ, ತೆಲುಗಿನವರು ಮತ್ತೊಂದು ಕಡೆ ಕೂರುತ್ತಾರೆ. ಸೋತು ಬಂದ ಮೇಲೆ ಅಂಗಳ ಸರಿಯಿರಲಿಲ್ಲ, ಅಂಪೈರ್ ಸರಿಯಿರಲಿಲ್ಲ, ಅವರು ಎತ್ತರವಿದ್ದರು ಎಂಬ ಮಾತು. ಮರುದಿನದಿಂದ ಅಂಗಳ ಖಾಲಿ. ಮುಂದಿನ ವರ್ಷದ ನೋಟಿಸ್ ಬರುವವರೆಗೆ ಚೆಂಡು ಬೀರುವಿನೊಳಗೆ.

ಇವೆಲ್ಲವೂ ಸೇರಿದ್ದನ್ನೇ ತಂಡದ ಸಂಸ್ಕೃತಿ ಎಂದು ನಾನು ಕರೆಯುತ್ತೇನೆ. ಸಂಸ್ಕೃತಿ ಎಂದರೆ ಗೋಡೆಯ ಮೇಲೆ ಬರೆಸಿದ ಘೋಷಣೆಯಲ್ಲ. ಯಾರೂ ನೋಡದಿದ್ದಾಗಲೂ ತಂಡದಲ್ಲಿ ರೂಢಿಯಾಗಿ ನಡೆಯುವುದು ಏನೋ ಅದೇ ಅದರ ಸಂಸ್ಕೃತಿ.

ಕಾಲೇಜು ತಂಡಗಳಿಗೆ ಇನ್ನೊಂದು ಕಷ್ಟ ಇದೆ. ಮೂರು ವರ್ಷದ ಪದವಿಯಲ್ಲಿ ಪ್ರತಿ ವರ್ಷ ಮೂರನೇ ಒಂದು ಪಾಲು ಆಟಗಾರ್ತಿಯರು ಹೊರಟುಹೋಗುತ್ತಾರೆ. ಕ್ಲಬ್ಬಿನ ತಂಡದಂತೆ ಹತ್ತು ವರ್ಷ ಅದೇ ಆಟಗಾರರು ಇರುವುದಿಲ್ಲ. ಆದ್ದರಿಂದ ಒಬ್ಬ ಒಳ್ಳೆಯ ಆಟಗಾರ್ತಿಯನ್ನು ನಂಬಿ ಕಟ್ಟಿದ ತಂಡ ಅವಳ ಜೊತೆಗೇ ಹೋಗಿಬಿಡುತ್ತದೆ. ರೂಢಿಯನ್ನು ಕಟ್ಟಿದ ತಂಡ ಮಾತ್ರ ಉಳಿಯುತ್ತದೆ, ಏಕೆಂದರೆ ಹಿರಿಯರಿಂದ ಕಿರಿಯರಿಗೆ ದಾಟಬಲ್ಲದ್ದು ರೂಢಿಯೊಂದೇ.

ನಮ್ಮ ಕಡೆ ಮತ್ತೊಂದು ಮಾತನ್ನೂ ಸೇರಿಸಬೇಕು. ಎರಡನೇ ವರ್ಷದಲ್ಲಿ ನಿಶ್ಚಿತಾರ್ಥವಾಯಿತೆಂದು ಒಬ್ಬಳು ಬರುವುದನ್ನು ನಿಲ್ಲಿಸುತ್ತಾಳೆ. ಸಂಜೆ ತಡವಾಗುತ್ತದೆಂದು ಇನ್ನೊಬ್ಬಳನ್ನು ಮನೆಯವರು ಬಿಡಿಸುತ್ತಾರೆ. ಬ್ಯಾಸ್ಕೆಟ್‌ಬಾಲ್ ನಿಯಮದಲ್ಲಿ ಪಂದ್ಯ ಆರಂಭವಾಗಲು ಐವರು ಸಿದ್ಧರಿರಬೇಕು. ನಿಗದಿತ ಸಮಯ ಕಳೆದು 15 ನಿಮಿಷದವರೆಗೂ ಐವರು ಆಗದಿದ್ದರೆ ಪಂದ್ಯ ಎದುರಾಳಿಗೆ ಹೋಗುತ್ತದೆ, ಅಂಕ 20-0 ಎಂದು ಬರೆಯುತ್ತಾರೆ. ಆಡದೆಯೇ ಬಂದ ಆ ಸೊನ್ನೆಯನ್ನು ಅಂಗಳಕ್ಕೆ ಬಂದು ನಿಂತಿದ್ದ ನಾಲ್ವರೂ ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತದೆ. ಮರು ವರ್ಷ ಆ ನಾಲ್ವರಲ್ಲಿ ಎಷ್ಟು ಮಂದಿ ಬರುತ್ತಾರೆ, ನೀವೇ ಯೋಚಿಸಿ.

ಇಮ್ಯಾಕ್ಯುಲೇಟಾ ಕಾಲೇಜಿನ ಪಾಠ

ಈಗ ಇಂಥ ಸ್ಥಿತಿಯಿಂದ ಮೇಲೆದ್ದವರ ಕಥೆಗಳಿಗೆ ಬರೋಣ. ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರಿಂದ. ಮರು ವರ್ಷವೇ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಅಂದರೆ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಆರಂಭವಾದದ್ದೇ ಮಹಿಳಾ ಕಾಲೇಜಿನಲ್ಲಿ.

ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಇಮ್ಯಾಕ್ಯುಲೇಟಾ ಎಂಬ ಚಿಕ್ಕ ಮಹಿಳಾ ಕಾಲೇಜು ಇತ್ತು. ಒಂದು ಧಾರ್ಮಿಕ ಸಮುದಾಯದ ಸಂಸ್ಥೆ, ಹಣ ಕಡಿಮೆ, ಸಮವಸ್ತ್ರದಲ್ಲಿ ಮರ್ಯಾದೆಯ ಕಟ್ಟುನಿಟ್ಟು, ಇವೆಲ್ಲ ನಮಗೆ ಪರಿಚಿತವಾದ ಸಂಗತಿಗಳೇ. 1967ರಲ್ಲಿ ಆ ಕಾಲೇಜಿನ ಒಳಾಂಗಣ ಕ್ರೀಡಾಂಗಣ ಬೆಂಕಿಗೆ ಆಹುತಿಯಾಯಿತು. 1970ರಲ್ಲಿ ಕ್ಯಾಥಿ ರಷ್ ಎಂಬ ಇಪ್ಪತ್ತರ ಹರೆಯದ ಯುವತಿ ತರಬೇತುದಾರಳಾಗಿ ಬಂದಾಗ ತಂಡಕ್ಕೆ ಸ್ವಂತ ಅಂಗಳವೂ ಇರಲಿಲ್ಲ. ಇಡೀ ಋತುವಿಗೆ ಆಕೆಯ ಸಂಬಳ 450 ಡಾಲರ್. ಆಟಗಾರ್ತಿಯರು ಉಣ್ಣೆಯ ಉದ್ದ ನಿಲುವಂಗಿ ತೊಟ್ಟು ಆಡುತ್ತಿದ್ದರು.

1972ರಲ್ಲಿ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಕರೆ ಬಂದಾಗ ಪ್ರಯಾಣಕ್ಕೆ ದುಡ್ಡಿರಲಿಲ್ಲ. ಹುಡುಗಿಯರು ಟೂತ್‌ಬ್ರಷ್ ಮಾರಿ ಹಣ ಕೂಡಿಸಿದರು. ಎಂಟು ಆಟಗಾರ್ತಿಯರಿಗೆ ಮಾತ್ರ ಹೋಗಲು ಸಾಧ್ಯವಾಯಿತು. ಹದಿನಾರು ತಂಡಗಳಲ್ಲಿ ಇವರಿಗೆ ಕೊಟ್ಟ ಸ್ಥಾನ ಹದಿನೈದನೆಯದು. ಅಂತಿಮ ಪಂದ್ಯದಲ್ಲಿ ಎದುರಿಗೆ ಬಂದದ್ದು ವೆಸ್ಟ್ ಚೆಸ್ಟರ್ ತಂಡ, ಸ್ವಲ್ಪ ದಿನಗಳ ಹಿಂದಷ್ಟೇ ಇವರನ್ನು ಭಾರೀ ಅಂತರದಿಂದ ಸೋಲಿಸಿದ್ದ ತಂಡ. ಆ ಪಂದ್ಯವನ್ನು ಇಮ್ಯಾಕ್ಯುಲೇಟಾ 52-48ರಿಂದ ಗೆದ್ದಿತು. 1973 ಮತ್ತು 1974ರಲ್ಲಿಯೂ ಅದೇ ಕಾಲೇಜು ರಾಷ್ಟ್ರ ಚಾಂಪಿಯನ್. ಸನ್ಯಾಸಿನಿಯರು ಪ್ರೇಕ್ಷಕರ ಸಾಲಿನಲ್ಲಿ ಕುಳಿತು ತಗಡಿನ ಬಕೆಟ್‌ಗಳನ್ನು ಬಡಿದು ಹುರಿದುಂಬಿಸುತ್ತಿದ್ದರು.

ಈ ಕಥೆಯಿಂದ ನಾನು ಕಲಿತದ್ದು ಇಷ್ಟು. ಆಡಳಿತ ಮಂಡಳಿ, ಶಿಕ್ಷಕಿಯರು, ಹಿರಿಯರು ಬಂದು ಆ ಸಾಲಿನಲ್ಲಿ ಕುಳಿತಾಗ ಹುಡುಗಿಯರಿಗೆ ಒಂದು ವಿಷಯ ಮನದಟ್ಟಾಗುತ್ತದೆ: ನಾವು ಮಾಡುತ್ತಿರುವುದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ, ನಮ್ಮ ಹಿರಿಯರು ಒಪ್ಪಿದ ಕೆಲಸ. ಸಂಘದ ಪದಾಧಿಕಾರಿಗಳಲ್ಲಿ ಒಂದು ಪ್ರಶ್ನೆ. ನಮ್ಮ ಮಕ್ಕಳ ಪಂದ್ಯಕ್ಕೆ ಹೋಗಿ ಕುಳಿತವರು ನಮ್ಮಲ್ಲಿ ಎಷ್ಟು ಜನ? ಬಹುಮಾನ ವಿತರಣೆಗೆ ಹೋಗುವುದು ಸುಲಭ. ಮೊದಲ ಸುತ್ತಿನಲ್ಲಿ ಮೂವತ್ತು ಅಂಕದಿಂದ ಸೋಲುವ ಪಂದ್ಯಕ್ಕೆ ಹೋಗಿ ಕೂರುವುದು ಕಷ್ಟ. ತಂಡಕ್ಕೆ ಬೇಕಾದದ್ದು ಈ ಎರಡನೆಯದು.

ನಾಯಕಿ ಮಾಡುವ ಕೆಲಸ

ನಾಯಕತ್ವ ಎಂದ ಕೂಡಲೇ ಮುಂದೆ ನಿಂತು ಆಜ್ಞೆ ಮಾಡುವವರ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಟೆನ್ನೆಸ್ಸಿ ವಿಶ್ವವಿದ್ಯಾನಿಲಯದ ಪ್ಯಾಟ್ ಸಮಿಟ್ ಅವರ ಆರಂಭದ ದಿನಗಳನ್ನು ನೋಡಿ. 1974ರಲ್ಲಿ ಅವರು ತರಬೇತುದಾರರಾದಾಗ ವಯಸ್ಸು 22, ತಿಂಗಳಿಗೆ 250 ಡಾಲರ್ ಸಂಬಳ. ಆಟಗಾರ್ತಿಯರಲ್ಲಿ ಕೆಲವರು ಅವರಿಗಿಂತ ಒಂದೇ ವರ್ಷ ಚಿಕ್ಕವರು. ತಂಡದ ವ್ಯಾನನ್ನು ಅವರೇ ಓಡಿಸುತ್ತಿದ್ದರು, ಆಟದ ಉಡುಪುಗಳನ್ನು ಅವರೇ ಒಗೆಯುತ್ತಿದ್ದರು. ಮೊಟ್ಟಮೊದಲ ಪಂದ್ಯವನ್ನು ಒಂದು ಅಂಕದಿಂದ, 84-83ರಿಂದ ಸೋತರು. ನಿವೃತ್ತರಾಗುವ ಹೊತ್ತಿಗೆ 1,098 ಪಂದ್ಯ ಗೆದ್ದಿದ್ದರು, ಎಂಟು ರಾಷ್ಟ್ರ ಪ್ರಶಸ್ತಿ ತಂದಿದ್ದರು. 2016ರಲ್ಲಿ ತೀರಿಕೊಂಡರು.

ತಂದೆ ತಾಯಂದಿರು ನೆನಪಿಡಬೇಕಾದ ಸಂಗತಿ ಬೇರೊಂದಿದೆ. ಅವರ ತಂಡದ ಹುಡುಗಿಯರು ತರಗತಿ ತಪ್ಪಿಸುವಂತಿರಲಿಲ್ಲ, ಮೊದಲ ಮೂರು ಸಾಲುಗಳಲ್ಲಿಯೇ ಕೂರಬೇಕಿತ್ತು. ತಂಡದಲ್ಲಿ ಪೂರ್ಣ ಅವಧಿ ಆಡಿದ ಪ್ರತಿಯೊಬ್ಬ ಆಟಗಾರ್ತಿಯೂ ಪದವಿ ಪಡೆದಳು. ಆಟದಿಂದ ಓದು ಕೆಡುತ್ತದೆ ಎನ್ನುವವರಿಗೆ ನಾನು ಈ ಉದಾಹರಣೆ ಹೇಳುತ್ತೇನೆ. ಓದನ್ನು ಕೆಡಿಸುವುದು ಶಿಸ್ತಿಲ್ಲದ ತಂಡ. ಶಿಸ್ತಿರುವ ತಂಡ ಓದನ್ನೂ ಕಾಯುತ್ತದೆ.

ಇನ್ನು ತಾಳ್ಮೆಯ ಮಾತು. ಡಾನ್ ಸ್ಟೇಲಿ ಆಟಗಾರ್ತಿಯಾಗಿ ಮೂರು ಒಲಿಂಪಿಕ್ ಚಿನ್ನ ಗೆದ್ದವರು. 2008ರಲ್ಲಿ ಸೌತ್ ಕ್ಯಾರೊಲಿನಾ ವಿಶ್ವವಿದ್ಯಾನಿಲಯದ ಸೊರಗಿದ ತಂಡವನ್ನು ಕೈಗೆತ್ತಿಕೊಂಡರು. ಇಷ್ಟು ದೊಡ್ಡ ಹೆಸರು ಬಂದ ಮೇಲೆ ತಂಡ ಕೂಡಲೇ ಗೆದ್ದಿರಬೇಕಲ್ಲವೇ? ಮೊದಲ ವರ್ಷ 10 ಗೆಲುವು, 18 ಸೋಲು. ಎರಡನೇ ವರ್ಷ 14 ಗೆಲುವು, 15 ಸೋಲು. 2012ರಲ್ಲಿ ರಾಷ್ಟ್ರಮಟ್ಟದ ಕೊನೆಯ ಹದಿನಾರು ತಂಡಗಳಲ್ಲಿ ಒಂದಾದರು. ರಾಷ್ಟ್ರ ಪ್ರಶಸ್ತಿ ಬಂದದ್ದು 2017ರಲ್ಲಿ, ಒಂಬತ್ತನೇ ಋತುವಿನಲ್ಲಿ. ಆಮೇಲೆ 2022ರಲ್ಲಿ, 2024ರಲ್ಲಿ ಮತ್ತೆ ಗೆದ್ದರು. 2024ರಲ್ಲಂತೂ 38 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ನಮ್ಮ ಕಾಲೇಜುಗಳಲ್ಲಿ ಒಂದು ವರ್ಷ ಸೋತರೆ ದೈಹಿಕ ಶಿಕ್ಷಣ ನಿರ್ದೇಶಕರನ್ನು ಪ್ರಶ್ನಿಸುತ್ತಾರೆ, ಎರಡು ವರ್ಷ ಸೋತರೆ ತಂಡಕ್ಕೆ ಕೊಡುವ ಹಣವನ್ನೇ ನಿಲ್ಲಿಸುತ್ತಾರೆ. ಆ ಲೆಕ್ಕ ಅಲ್ಲಿ ಹಾಕಿದ್ದರೆ 2010ಕ್ಕೇ ಈ ಕಥೆ ಮುಗಿದುಹೋಗುತ್ತಿತ್ತು.

ನಮ್ಮ ದೇಶದ ತಂಡದಿಂದ

ಅಮೆರಿಕದ ಮಾತು ಸಾಕು, ನಮ್ಮ ರಾಜ್ಯದಲ್ಲಿ ನಡೆದದ್ದನ್ನು ಹೇಳುತ್ತೇನೆ. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್‌ನ ಬಿ ವಿಭಾಗದ ಪಂದ್ಯಗಳು ನಡೆದವು. ಅಂತಿಮ ಪಂದ್ಯದಲ್ಲಿ ಭಾರತದ ಹುಡುಗಿಯರು ಕಝಾಕ್‌ಸ್ತಾನವನ್ನು 75-73ರಿಂದ, ಎರಡೇ ಎರಡು ಅಂಕದಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. 2019ರಲ್ಲಿ ಅದೇ ಬೆಂಗಳೂರಿನಲ್ಲಿ ಎ ವಿಭಾಗದ ಪಂದ್ಯಗಳು ನಡೆದಾಗ, ಜಪಾನ್, ಚೀನಾ, ಆಸ್ಟ್ರೇಲಿಯಾಗಳಂಥ ತಂಡಗಳ ನಡುವೆ ನಾವು ಎಂಟರಲ್ಲಿ ಎಂಟನೆಯವರಾದೆವು. ಮೇಲೇರುವುದು ಒಂದು ಕೆಲಸ, ಮೇಲೆ ನಿಲ್ಲುವುದು ಇನ್ನೊಂದು. ನಿಲ್ಲಬೇಕಾದರೆ ಕೆಳಗಿನಿಂದ, ಶಾಲೆ ಕಾಲೇಜುಗಳಿಂದ, ವರ್ಷ ವರ್ಷವೂ ಹುಡುಗಿಯರು ಬರುತ್ತಿರಬೇಕು. ಹೊಸಪೇಟೆ, ಕಂಪ್ಲಿಯಂಥ ಊರುಗಳ ಅಂಗಳಗಳು ಖಾಲಿ ಇದ್ದರೆ ಬೆಂಗಳೂರಿನ ಕ್ರೀಡಾಂಗಣಕ್ಕೆ ಯಾರು ಬರುತ್ತಾರೆ?

ಚೆನ್ನೈನ ಅನಿತಾ ಪಾಲ್‌ದುರೈ ಹತ್ತೊಂಬತ್ತನೇ ವಯಸ್ಸಿನಲ್ಲಿ ಭಾರತ ತಂಡದ ನಾಯಕಿಯಾದರು, ಒಂಬತ್ತು ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಆಡಿದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ರೈಲ್ವೆಯಲ್ಲಿ ಅವರಿಗೆ ಕೆಲಸ ಸಿಕ್ಕಿದ್ದೂ ಆಟದಿಂದಲೇ. ಕಾಶ್ಮೀರದ ಇನ್ಶಾ ಬಶೀರ್ ಅಪಘಾತದಲ್ಲಿ ನಡೆಯುವ ಶಕ್ತಿ ಕಳೆದುಕೊಂಡ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತು ಬ್ಯಾಸ್ಕೆಟ್‌ಬಾಲ್ ಕಲಿತು, ತಮ್ಮ ರಾಜ್ಯದ ಮಹಿಳಾ ತಂಡದ ನಾಯಕಿಯಾದರು. ಈ ಹೆಸರುಗಳನ್ನು ನಮ್ಮ ಹುಡುಗಿಯರು ಕೇಳಿರಬೇಕು.

ಉಡುಪಿನ ಪ್ರಶ್ನೆ

ನಮ್ಮ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ ಇದೇ ಆದ್ದರಿಂದ ನೇರವಾಗಿ ಮಾತನಾಡುತ್ತೇನೆ. ಈ ಆಟ ಹುಟ್ಟಿದ ಅದೇ ಸ್ಪ್ರಿಂಗ್‌ಫೀಲ್ಡ್ ಊರಿನ ಮುಸ್ಲಿಂ ಹುಡುಗಿ ಬಿಲ್ಕೀಸ್ ಅಬ್ದುಲ್ ಖಾದಿರ್. ಶಾಲಾ ದಿನಗಳಲ್ಲಿ 3,070 ಅಂಕ ಗಳಿಸಿ ಮ್ಯಾಸಚೂಸೆಟ್ಸ್ ರಾಜ್ಯದ ದಾಖಲೆ ಮಾಡಿದಳು. ತಲೆಗೆ ಹಿಜಾಬ್, ತುಂಬು ತೋಳು, ಉದ್ದ ಪ್ಯಾಂಟ್ ಧರಿಸಿಯೇ ಅಮೆರಿಕದ ವಿಶ್ವವಿದ್ಯಾನಿಲಯಗಳ ಮೊದಲ ದರ್ಜೆಯ ಪಂದ್ಯಗಳಲ್ಲಿ ಆಡಿದ ಮೊದಲ ಆಟಗಾರ್ತಿ ಆಕೆ. ಆದರೆ ಪದವಿ ಮುಗಿಸಿ ವೃತ್ತಿಪರ ಆಟಕ್ಕೆ ಹೋಗಲು ಹೊರಟಾಗ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮ ಅಡ್ಡ ಬಂತು. ತಲೆವಸ್ತ್ರಕ್ಕೆ ಆಗ ಅನುಮತಿ ಇರಲಿಲ್ಲ. 2014ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್ ಮಹಿಳಾ ತಂಡ ಹಿಜಾಬ್ ತೆಗೆಯಲು ಒಪ್ಪದೆ ಮಂಗೋಲಿಯಾ ವಿರುದ್ಧದ ಪಂದ್ಯವನ್ನೇ ಬಿಟ್ಟುಕೊಟ್ಟಿತು.

ಇಂಥವರೆಲ್ಲರ ಪಟ್ಟು ವ್ಯರ್ಥವಾಗಲಿಲ್ಲ. 2017ರ ಮೇ ತಿಂಗಳಲ್ಲಿ ಫಿಬಾ ನಿಯಮವನ್ನು ಬದಲಿಸಲು ಒಪ್ಪಿತು. ಆ ವರ್ಷದ ಅಕ್ಟೋಬರ್ 1ರಿಂದ ತಲೆವಸ್ತ್ರ ಧರಿಸಿ ಆಡಲು ಅಂತಾರಾಷ್ಟ್ರೀಯ ನಿಯಮದಲ್ಲಿಯೇ ಅವಕಾಶವಿದೆ. ಬಿಲ್ಕೀಸ್ ಅವರ ಆಟದ ವರ್ಷಗಳು ಅಷ್ಟರೊಳಗೆ ಕಳೆದುಹೋಗಿದ್ದವು. ಬಾಗಿಲು ತೆರೆದದ್ದು ಹಿಂದೆ ಬರುವವರಿಗೆ. ಆದ್ದರಿಂದ ಉಡುಪಿನ ಕಾರಣ ಕೊಟ್ಟು ಮನೆಯವರು ಮಗಳನ್ನು ತಡೆಯುವುದೂ ಸರಿಯಲ್ಲ, ಉಡುಪಿನ ಕಾರಣ ಕೊಟ್ಟು ತಂಡದವರು ಅವಳನ್ನು ದೂರವಿಡುವುದೂ ಸರಿಯಲ್ಲ. ಪ್ರವಾದಿಯವರು (ಸ) ಹಜರತ್ ಆಯಿಷಾರೊಂದಿಗೆ (ರ) ಓಟದ ಪಂದ್ಯ ಕಟ್ಟಿದ ಪ್ರಸಂಗ ಹದೀಸ್‌ಗಳಲ್ಲಿರುವುದನ್ನು ಇಲ್ಲಿರುವ ಹಿರಿಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಇನ್ನೊಬ್ಬ ಹುಡುಗಿ ತನಗೆ ಒಗ್ಗಿದ ಬೇರೆ ಉಡುಪಿನಲ್ಲಿ ಬಂದರೆ ಅವಳಿಗೂ ಅದೇ ಗೌರವ ಸಿಗಬೇಕು. ತಂಡದಲ್ಲಿ ಉಡುಪು ನೋಡಿ ಪಾಸ್ ಕೊಡುವುದಿಲ್ಲ, ಯಾರು ಖಾಲಿ ನಿಂತಿದ್ದಾರೆ ನೋಡಿ ಕೊಡುತ್ತೇವೆ.

ನಾವು ಮಾಡಬಹುದಾದ ಕೆಲಸಗಳು

ಹಾಗಾದರೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಾಲೇಜುಗಳಲ್ಲಿ ಏನು ಮಾಡಬಹುದು? ನನಗೆ ತೋಚಿದ ಆರು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಅಭ್ಯಾಸದ ವೇಳೆ. ಜೂನ್ 2023ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಕಂಪ್ಲಿಯಿಂದಲೋ ಸಂಡೂರಿನಿಂದಲೋ ಮೂವತ್ತು ಕಿಲೋಮೀಟರ್ ಆಸುಪಾಸು ಪ್ರಯಾಣಿಸಿ ಬರುವ ಹುಡುಗಿಗೆ ಈಗ ಬಸ್ ಚಾರ್ಜು ಅಡ್ಡಿಯಲ್ಲ, ಕತ್ತಲೆ ಅಡ್ಡಿ. ಅಭ್ಯಾಸವನ್ನು ಬೆಳಿಗ್ಗೆ ತರಗತಿಗೆ ಮುಂಚೆ ಅಥವಾ ಮಧ್ಯದ ಬಿಡುವಿನ ಗಂಟೆಯಲ್ಲಿ ಇಟ್ಟರೆ ಅರ್ಧ ಸಮಸ್ಯೆ ಕರಗುತ್ತದೆ. ನಮ್ಮ ಕಡೆಯ ಬೇಸಿಗೆಯ ಬಿಸಿಲಿಗೂ ಬೆಳಗಿನ ವೇಳೆಯೇ ಒಳ್ಳೆಯದು. ರಂಜಾನ್ ತಿಂಗಳಲ್ಲಿ ಓಟದ ಅಭ್ಯಾಸ ಬಿಟ್ಟು ನಿಂತಲ್ಲಿಂದ ಚೆಂಡು ಹಾಕುವುದನ್ನು ಮಾತ್ರ ಇಟ್ಟುಕೊಳ್ಳಬಹುದು. ವೇಳೆಯನ್ನು ವರ್ಷದ ಆರಂಭದಲ್ಲಿಯೇ ಬರೆದು ಮನೆಗೆ ಕಳುಹಿಸಬೇಕು, ಮತ್ತು ಅದರಂತೆ ನಡೆಯಬೇಕು.

ಎರಡನೆಯದು, ಮನೆಯವರ ವಿಶ್ವಾಸ. ತರಬೇತುದಾರರು ಪ್ರತಿ ಹುಡುಗಿಯ ಅಬ್ಬಾ ಅಮ್ಮಿಯನ್ನು ವರ್ಷದಲ್ಲಿ ಒಮ್ಮೆಯಾದರೂ ಕಂಡು ಮಾತನಾಡಬೇಕು. ಹೊರ ಊರಿಗೆ ಹೋಗುವಾಗ ಜೊತೆಗೆ ಒಬ್ಬ ಶಿಕ್ಷಕಿ ಇರಲೇಬೇಕು. 2023ರಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ಕಿರುಕುಳದ ದೂರಿನ ಮೇಲೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದನ್ನು ಎಲ್ಲ ತಂದೆ ತಾಯಂದಿರೂ ಟಿ.ವಿ.ಯಲ್ಲಿ ನೋಡಿದ್ದಾರೆ. ಅವರ ಭಯವನ್ನು ಅಲ್ಲಗಳೆಯಬಾರದು. 2013ರ ಕಾಯ್ದೆಯಂತೆ ಪ್ರತಿ ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ಅದರಲ್ಲಿ ಯಾರಿದ್ದಾರೆ, ದೂರು ಹೇಗೆ ಕೊಡಬೇಕು ಎಂಬುದನ್ನು ತಂಡದ ಮೊದಲ ದಿನವೇ ಹುಡುಗಿಯರಿಗೆ ಹೇಳಬೇಕು. ಕಿರುಚಾಟ, ಅವಮಾನ, ಮೈಬಣ್ಣದ ಅಥವಾ ಗಾತ್ರದ ಹಾಸ್ಯ ಇವುಗಳಿಂದ ಯಾರ ಆಟವೂ ಸುಧಾರಿಸಿದ್ದನ್ನು ನಾನು ಕಂಡಿಲ್ಲ.

ಮೂರನೆಯದು, ಎಲ್ಲರಿಗೂ ಒಂದೇ ನಿಯಮ. ಹಾಜರಿ ಪುಸ್ತಕ ಇಡಬೇಕು. ಅಭ್ಯಾಸಕ್ಕೆ ಬಾರದವಳು ಎಷ್ಟೇ ಚೆನ್ನಾಗಿ ಆಡಿದರೂ ಮೊದಲ ಐವರಲ್ಲಿ ಇರಬಾರದು. ಇದರಿಂದ ಒಂದೆರಡು ಪಂದ್ಯ ಸೋಲಬಹುದು, ಸೋಲಲಿ. ನಿಯಮ ತರಬೇತುದಾರರಿಗೂ ಅನ್ವಯಿಸಬೇಕು. ತಡವಾಗಿ ಬರುವ ಮೇಷ್ಟ್ರು ಸಮಯಪಾಲನೆಯ ಪಾಠ ಹೇಳಿದರೆ ಮಕ್ಕಳು ನಗುತ್ತಾರೆ.

ನಾಲ್ಕನೆಯದು, ಹಿರಿಯರ ಕೆಲಸ. ಹಲವು ತಂಡಗಳಲ್ಲಿ ಚೆಂಡಿನ ಚೀಲ ಹೊರುವುದು, ನೀರು ತರುವುದು ಹೊಸಬರ ಕೆಲಸ. ಇದನ್ನು ತಿರುಗಿಸಿ. ಅಂತಿಮ ವರ್ಷದ ನಾಯಕಿ ಚೀಲ ಹೊರಲಿ. ಪ್ರತಿ ಹಿರಿಯ ಆಟಗಾರ್ತಿಗೆ ಒಬ್ಬ ಹೊಸ ಹುಡುಗಿಯನ್ನು ಒಪ್ಪಿಸಿ. ಅವಳ ಆಟ, ಅವಳ ಓದು, ಅವಳ ಬಸ್ಸು ಮೂರನ್ನೂ ಆ ಹಿರಿಯಳು ವಿಚಾರಿಸಲಿ. ಬಸ್ಸಿನಲ್ಲಿ ಉರ್ದುವಿನವಳ ಪಕ್ಕ ಕನ್ನಡದವಳು ಕೂರುವಂತೆ ಈ ಜೋಡಿಗಳನ್ನು ಮಾಡಿ. ನಾಯಕಿ ಹೊರಟುಹೋದ ಮೇಲೂ ತಂಡ ಉಳಿಯುವುದು ಇದರಿಂದಲೇ.

ಐದನೆಯದು, ಸರಿಯಾದ ಲೆಕ್ಕ. ನಲವತ್ತು ಅಂಕದಿಂದ ಸೋಲುವ ತಂಡಕ್ಕೆ "ಈ ವರ್ಷ ಕಪ್ ತರಬೇಕು" ಎಂದರೆ ಅದು ಪ್ರೋತ್ಸಾಹವಾಗುವುದಿಲ್ಲ, ಹೊರೆಯಾಗುತ್ತದೆ. ನಮ್ಮ ಕೈಯಲ್ಲಿರುವುದನ್ನು ಎಣಿಸೋಣ. ಈ ತಿಂಗಳು ಹತ್ತು ಜನ ತಪ್ಪದೆ ಬಂದರೇ? ಹತ್ತು ಫ್ರೀ ಥ್ರೋಗಳಲ್ಲಿ ಎಷ್ಟು ಬುಟ್ಟಿಗೆ ಬಿದ್ದವು? ಎದುರಾಳಿಗೆ ನಾವಾಗಿಯೇ ಕೊಟ್ಟ ಚೆಂಡುಗಳು ಎಷ್ಟು? ಫ್ರೀ ಥ್ರೋ ಹಾಕುವಾಗ ಯಾರೂ ಅಡ್ಡ ಬರುವುದಿಲ್ಲ, ಎತ್ತರ ಬೇಕಾಗಿಲ್ಲ. ದಿನಕ್ಕೆ ಐವತ್ತು ಸಲ ಹಾಕಿದ ಹುಡುಗಿ ಮೂರು ತಿಂಗಳಲ್ಲಿ ತನ್ನ ಕಣ್ಣೆದುರೇ ಸುಧಾರಣೆ ಕಾಣುತ್ತಾಳೆ. ನಲವತ್ತರ ಸೋಲು ಇಪ್ಪತ್ತಕ್ಕೆ ಇಳಿದ ದಿನ ಅದನ್ನು ಪ್ರಾರ್ಥನೆಯ ವೇಳೆಯಲ್ಲಿ ಎಲ್ಲರೆದುರು ಹೇಳಿ.

ಆರನೆಯದು ಸಂಘದ ಹಿರಿಯರಿಗೆ. ವಿದ್ಯಾರ್ಥಿವೇತನ ಕೊಡುವಾಗ ಅಂಕಗಳ ಜೊತೆ ಒಂದೆರಡನ್ನು ಆಟದಲ್ಲಿ ತಪ್ಪದೆ ಭಾಗವಹಿಸಿದ ಹುಡುಗಿಯರಿಗೆ ಮೀಸಲಿಡಿ. ನಾಲ್ಕು 6ನೇ ಸೈಜಿನ ಚೆಂಡು, ಹನ್ನೆರಡು ಪೂರ್ಣ ತೋಳಿನ ಸಮವಸ್ತ್ರ, ಇವುಗಳಿಗೆ ತಗಲುವ ಖರ್ಚು ಒಂದು ಸಮಾರಂಭದ ಶಾಮಿಯಾನ ಊಟಗಳ ಖರ್ಚಿಗಿಂತ ಹೆಚ್ಚೇನಿಲ್ಲ. ತಂಡಕ್ಕೆ ಮೂರು ವರ್ಷ ಸಮಯ ಕೊಡಿ, ಅದಕ್ಕಿಂತ ಮೊದಲು ಫಲ ಕೇಳಬೇಡಿ.

ಕೊನೆಯದಾಗಿ ವಿದ್ಯಾರ್ಥಿನಿಯರಿಗೆ

ಮಕ್ಕಳೇ, ನಿಮ್ಮಲ್ಲಿ ಹೆಚ್ಚಿನವರು ಭಾರತ ತಂಡಕ್ಕೆ ಆಡಲಾರಿರಿ. ವಿಶ್ವವಿದ್ಯಾನಿಲಯದ ತಂಡಕ್ಕೆ ಆಯ್ಕೆಯಾಗುವವರೂ ಒಬ್ಬಿಬ್ಬರೇ. ಆದರೂ ಅಂಗಳಕ್ಕೆ ಬನ್ನಿ ಎಂದು ನಾನೇಕೆ ಹೇಳುತ್ತೇನೆ? ನಾಳೆ ನೀವು ಶಿಕ್ಷಕಿಯೋ, ನರ್ಸೋ, ಬ್ಯಾಂಕ್ ಅಧಿಕಾರಿಯೋ, ತಾಯಿಯೋ ಆಗುತ್ತೀರಿ. ಸೋತ ಮರುದಿನ ಎದ್ದು ಕೆಲಸಕ್ಕೆ ಹೋಗುವುದನ್ನು, ತನಗಿಂತ ಚೆನ್ನಾಗಿ ಆಡುವವಳನ್ನು ಮೆಚ್ಚುವುದನ್ನು, ತನಗಿಂತ ಕಡಿಮೆ ಆಡುವವಳಿಗೆ ಕಲಿಸುವುದನ್ನು ಪುಸ್ತಕದಿಂದ ಕಲಿಯುವುದು ಕಷ್ಟ. ತಂಡದಲ್ಲಿ ಇವು ದಿನವೂ ಅಭ್ಯಾಸವಾಗುತ್ತವೆ. ನಾಯಕಿಯಾಗಲು ಯಾರಾದರೂ ಹೆಸರು ಕರೆಯಲಿ ಎಂದು ಕಾಯಬೇಡಿ. ಈ ವಾರ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದ ನಿಮ್ಮ ಗೆಳತಿಯ ಮನೆಗೆ ಹೋಗಿ, ಅವಳ ಅಮ್ಮಿಯ ಹತ್ತಿರ ಕುಳಿತು ಮಾತನಾಡಿ, ಅವಳನ್ನು ಮತ್ತೆ ಕರೆದುಕೊಂಡು ಬನ್ನಿ. ಐದನೆಯವಳು ಬಂದರೆ ಪಂದ್ಯ ನಡೆಯುತ್ತದೆ.